ಕೌದಿ ಹೊಲಿಯಲು ಹೋದವಳು

ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ 6 ಅಡಿ ಉದ್ದ, 5 ಅಡಿ ಅಗಲದ ಬಟ್ಟೆ ಹಾಸಿದರೆ ಫ್ರಿಜ್ಜಿನ ಬಾಗಿಲು ತೆರೆಯಲು ಬರುವುದಿಲ್ಲ. ದಸರಾ ಮುಗಿದ ಮಾರನೆಯ ರವಿವಾರ ನನಗಿದು ಗೊತ್ತಾಯಿತು. ಅವತ್ತು ಹಾಲು, ಮೊಸರು, ತಣ್ಣೀರು ಏನು ಬೇಕಾದರೂ ಗಂಡ ಒಂದು ತುದಿ, ಮಗಳು ಒಂದು ತುದಿ ಹಿಡಿದು ಬಟ್ಟೆ ಮಡಚಬೇಕು, ಬಾಗಿಲು ತೆರೆಯಬೇಕು, ಮತ್ತೆ ಹಾಸಬೇಕು. ಮೂರನೇ ಸಲಕ್ಕೆ ಮಗಳು ಕೇಳಿದಳು: "ಮಮ್ಮಿ, ಇದು ಆನ್‌ಲೈನ್ ಸಿಗಂಗಿಲ್ಲೇನ?"

ಸಿಗುತ್ತದೆ. ಆದರೆ ನಾನು ಕೈಯಾರೆ ಕೌದಿ ಹೊಲಿಯಲು ಹೊರಟಿದ್ದೆ.

ಉತ್ತರ ಕರ್ನಾಟಕದವರಿಗೆ ಕೌದಿ ಎಂದರೇನು ಎಂದು ಹೇಳುವ ಅಗತ್ಯವಿಲ್ಲ. ಉಳಿದವರಿಗೆ ಎರಡು ಮಾತು. ಉಟ್ಟು ಒಗೆದು ಮೆತ್ತಗಾದ ಹಳೆಯ ಸೀರೆ, ಧೋತರ, ಲಂಗಗಳನ್ನು ಒಂದರ ಮೇಲೊಂದು ಪದರವಾಗಿ ಹಾಕಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಲ್ಲಿ ಉದ್ದಕ್ಕೂ ಸಾಲುಸಾಲಾಗಿ ಹೊಲಿದರೆ ಕೌದಿ. ಚಳಿಗಾಲದಲ್ಲಿ ಹೊದೆಯಲು, ಬೇಸಿಗೆಯಲ್ಲಿ ಹಾಸಲು, ಕೂಸು ಮಲಗಿಸಲು, ಎಲ್ಲಕ್ಕೂ ಅದೇ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವುದಕ್ಕೆ ಕವಂದಿ ಎನ್ನುತ್ತಾರೆ. ಅದರ ನಾಲ್ಕು ಮೂಲೆಗೂ ‘ಫೂಲ’ ಅಂದರೆ ಹೂವಿನಂತೆ ಮಡಚಿದ ಬಟ್ಟೆಯ ತುಂಡು ಇರಲೇಬೇಕು. ನಾವು ಬದುಕುತ್ತಿರುವ ಈ ಮಹಾರಾಷ್ಟ್ರದಲ್ಲಿ ಅದು ಗೋಧಡಿ. ಬಿಹಾರದಲ್ಲಿ ಸುಜನಿ, ಬಂಗಾಳದಲ್ಲಿ ಕಾಂಥಾ. ಬಿಹಾರದ ಸುಜನಿಯನ್ನಂತೂ ಹುಟ್ಟಿದ ಕೂಸಿಗೆಂದೇ ಹಳೆಯ ಸೀರೆಗಳಿಂದ ಹೊಲಿಯುವ ರೂಢಿ ಇತ್ತು. ಹಳೆಯ ಸೀರೆ ಇರುವ ಕಡೆಯೆಲ್ಲ ಯಾರಿಗೋ ಇದೇ ಉಪಾಯ ಹೊಳೆದಿದೆ.

ನನಗೆ ಹೊಳೆದದ್ದಕ್ಕೂ ಕಾರಣ ಕೂಸೇ. ಗದಗಿನಲ್ಲಿರುವ ತಮ್ಮನ ಹೆಂಡತಿ ಎರಡನೆಯ ಬಸುರಿ. ಈ ಸಲದ ಬಾಣಂತನ ನಮ್ಮ ಮನೆಯಲ್ಲೇ. ಮನೆಯಲ್ಲಿದ್ದ ಹಳೆಯ ಕೌದಿಗಳು ಮೊದಲ ಕೂಸಿನ ಕಾಲಕ್ಕೇ ಜಾಳಾಗಿ ಹರಿದಿದ್ದವು. ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ಬರಿಗೈಲಿ ಹೋಗುವುದು ಹೇಗೆ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ಅಂಗಡಿಯ ಕುಲಾವಿಯಿಂದ ನಿಜ ಮಾಡುವ ಬದಲು ಕೌದಿಯಿಂದಲೇ ಮಾಡೋಣ ಎಂದುಕೊಂಡೆ.

ಇನ್ನೊಂದು ಕಾರಣವೂ ಇತ್ತು. ಮುಂಬೈಗೆ ಬಂದು 16 ವರ್ಷವಾಯಿತು. ಕೋಟೆ ಭಾಗದ, ಅಂದರೆ ಫೋರ್ಟ್‌ನ ಒಂದು ಕಚೇರಿಯಲ್ಲಿ ಲೆಕ್ಕಪರಿಶೋಧನೆ ನನ್ನ ಕೆಲಸ. ಊರಿನ ಶೇಂಗಾ ಚಟ್ನಿ ಪಾರ್ಸೆಲ್‌ನಲ್ಲಿ ಬರುತ್ತದೆ. ಜೋಳದ ರೊಟ್ಟಿ ನನಗೆ ಬಡಿಯಲು ಬರುವುದಿಲ್ಲ. ಕೆಲಸಕ್ಕೆ ಬರುವ ಮಾವಶಿ ಬಡಿದು ಕೊಡುವ ಭಾಕರಿಯನ್ನೇ ರೊಟ್ಟಿ ಎಂದು ತಿನ್ನುತ್ತೇವೆ. ಮಗಳ ಕನ್ನಡದಲ್ಲಿ ಅರ್ಧ ಮರಾಠಿ. ಹೀಗಿರುವಾಗ ಊರಿನದೊಂದಾದರೂ ನನ್ನ ಕೈಯಿಂದ ಹೊರಬರಲಿ ಎಂಬ ಹಟ. ಹೊರಗಿರುವ ನಿಮ್ಮಲ್ಲಿ ಕೆಲವರಿಗಾದರೂ ಈ ಹಟ ಅರ್ಥವಾಗುತ್ತದೆ. ಬಾಲ್ಕನಿಯಲ್ಲಿ ಬಸಳೆ ಹಬ್ಬಿಸಲು ಹೋಗಿ ಕೈಸೋತವರು ನಮ್ಮ ಸೊಸಾಯಿಟಿಯಲ್ಲೇ ಇದ್ದಾರೆ.

ನನ್ನ ಕೈಯ ಬಗ್ಗೆ ನನಗೆ ಮೊದಲೇ ತಿಳಿದಿರಬೇಕಿತ್ತು. ಶಾಲೆಯಲ್ಲಿ ಕರವಸ್ತ್ರದ ಅಂಚು ಮಡಚಿ ಹೊಲಿದು ತರಲು ಹೇಳಿದ್ದರು. ನಾನು ಹೊಲಿದದ್ದನ್ನು ನೋಡಿದ ಅವ್ವ ಮಾತಾಡದೆ ಬಿಚ್ಚಿ, ರಾತ್ರಿ ಕುಳಿತು ತಾನೇ ಹೊಲಿದು, ಮೂಲೆಗೊಂದು ಕಸೂತಿ ಗಿಳಿಯನ್ನೂ ಕೂರಿಸಿ ಕೊಟ್ಟಳು. ಟೀಚರಿಗೆ ತಿಳಿಯದೇ ಇರುತ್ತದೆಯೇ? ನನ್ನ ಗಿಳಿ ಹಿಂದೆ ಮುಂದೆ ಎರಡೂ ಕಡೆ ಒಂದೇ ರೀತಿ ಕಾಣುತ್ತಿತ್ತು, ಗಂಟಿಲ್ಲ, ತೊಡಕಿಲ್ಲ. ‘ನಿಮ್ಮವ್ವಗ ಹತ್ತಕ್ಕ ಹತ್ತು’ ಎಂದು ನಕ್ಕು ಅಂಕ ಕೊಟ್ಟರು.

ಆದರೂ ಕೌದಿಯ ವಿಷಯದಲ್ಲಿ ಧೈರ್ಯ ಬಂದದ್ದು ಏಕೆಂದರೆ ಅದರಲ್ಲಿ ಕಸೂತಿಯಂತೆ ಎಳೆ ಎಣಿಸುವ ಕೆಲಸವಿಲ್ಲ. ಬರೀ ಸೀದಾ ಹೊಲಿಗೆ. ಸೂಜಿ ಒಳಗೆ, ಸೂಜಿ ಹೊರಗೆ. ಗದಗಿನ ಮನೆಯ ಪಡಸಾಲೆಯಲ್ಲಿ ಕಿಟಕಿಯ ಬೆಳಕಿಗೆ ಅವ್ವ ಕೌದಿ ಹರಡಿಕೊಂಡು ಸೂಜಿ ಹಿಡಿದು ಕುಳಿತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವ್ವನಿಗೆ ಬಂದದ್ದು ಮಗಳಿಗೆ ಇಷ್ಟಾದರೂ ಬಾರದೇ?

ಫೋನಿನಲ್ಲಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಈಗ ಮಂಜು; ಸೂಜಿ ಮುಟ್ಟಿ ಎಷ್ಟೋ ವರ್ಷವಾಯಿತು.

"ಹೊಲಿ. ಆದ್ರ ಸಣ್ಣದ ಮಾಡು, ಕೂಸಿನಷ್ಟ" ಅಂದಳು.

ನಾನು ಸಣ್ಣದು ಮಾಡಲಿಲ್ಲ. ಬಾಣಂತಿ, ಕೂಸು ಇಬ್ಬರೂ ಮಲಗುವಂಥ ದೊಡ್ಡದೇ ಆಗಲಿ ಎಂದುಕೊಂಡೆ. ಪರಿಚಯದವರೊಬ್ಬರು ಗದಗಿನಿಂದ ಬರುವಾಗ ಅವರ ಕೈಲಿ ಅವ್ವ ಒಂದು ಗಂಟು ಕಳಿಸಿದಳು. ಕಲ್ಯಾಣ ಸ್ಟೇಷನ್ನಿನಲ್ಲಿ ಬೆಳಗಿನ ಜಾವ ಹೋಗಿ ತಂದೆ. ಬಿಚ್ಚಿದರೆ ಅವ್ವನ ಹಳೆಯ ನೂಲಿನ ಸೀರೆಗಳು ಆರು, ಅಪ್ಪನ ಎರಡು ಧೋತರ. ಗಂಟು ಕಟ್ಟಿದ್ದ ಬಟ್ಟೆಯೂ ಸೀರೆಯೇ: ಹಸಿರು ಮೈ, ಕೆಂಪು ಸೆರಗಿನ ಇಳಕಲ್. ಗದಗಿನ ಮನೆಯ ವಾಸನೆ, ನುಸಿಗುಳಿಗೆ ವಾಸನೆ ಎರಡೂ ನಮ್ಮ ಹಾಲ್ ತುಂಬ.

ಆಫೀಸಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನ ಎದುರು ಮಂಗಲದಾಸ್ ಮಾರ್ಕೆಟ್ ಇದೆ. ಅದರ ಓಣಿಗಳಲ್ಲಿ ಹೊಕ್ಕರೆ ಹೊರದಾರಿ ತಿಳಿಯದು. ಎರಡೂ ಕಡೆ ಆಳೆತ್ತರದ ತಾನುಗಳು. ಅಂಚಿಗೆಂದು ಕೆಂಪು ಕಾಟನ್ ಬಟ್ಟೆ ತೆಗೆದುಕೊಂಡೆ, ಹೊಚ್ಚ ಹೊಸದು, ಕಣ್ಣು ಕೋರೈಸುವ ಕೆಂಪು. ದಪ್ಪ ದಾರದ ಉಂಡೆ, ಉದ್ದನೆಯ ಸೂಜಿಗಳು, ಬೆರಳಿಗೆ ಹಾಕುವ ಲೋಹದ ಟೋಪಿ, ದೊಡ್ಡ ಕತ್ತರಿ. ಸಾಮಾನು ಕೊಳ್ಳುವಷ್ಟರ ಮಟ್ಟಿಗೆ ನಾನು ಪಕ್ಕಾ ಕೌದಿಯವಳೇ.

ಆಮೇಲೆ ನನಗೆ ಬರುವ ಕೆಲಸ ಮಾಡಿದೆ. ಎಕ್ಸೆಲ್ ತೆರೆದೆ. 72 ಇಂಚು ಉದ್ದ, 60 ಇಂಚು ಅಗಲ, ಒಟ್ಟು 4,320 ಚದರ ಇಂಚು. ಸಾಲಿನಿಂದ ಸಾಲಿಗೆ ಅರ್ಧ ಇಂಚು ಬಿಟ್ಟರೆ ಹೊಲಿಗೆಯ ಒಟ್ಟು ಉದ್ದ 8,640 ಇಂಚು, ಅಂದರೆ 720 ಅಡಿ. ಇಂಚಿಗೆ ಎರಡು ಹೊಲಿಗೆಯಂತೆ 17,280 ಹೊಲಿಗೆ. ನಿಮಿಷಕ್ಕೆ ಆರು ಹಾಕಿದರೂ 48 ಗಂಟೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್‌ನಲ್ಲಿ ಒಂದು ಗಂಟೆಗೂ ಮೇಲೆ. ಹೋಗುವಾಗ ಒಂದು, ಬರುವಾಗ ಒಂದು. ತಿಂಗಳಲ್ಲಿ ಮುಗಿಯಿತು! ಹಾಳೆಯ ಮೇಲೆ ಕೌದಿ ಅವತ್ತೇ ಸಿದ್ಧವಾಗಿತ್ತು.

ಸೀರೆಗಳನ್ನು 9 ಇಂಚಿನ ಚೌಕಗಳಾಗಿ ಕತ್ತರಿಸಿದೆ. ಎಲ್ಲಕ್ಕಿಂತ ಬಣ್ಣ ಚೆನ್ನಾಗಿದ್ದದ್ದು ಆ ಇಳಕಲ್. ಅದರ ಹಸಿರು ಮೈಯನ್ನು ಮೊದಲು ಕತ್ತರಿಸಿದೆ. ಸೆರಗಿಗೆ ಮಾತ್ರ ಕತ್ತರಿ ಹಾಕಲು ಮನಸ್ಸಾಗಲಿಲ್ಲ. ಇಳಕಲ್ ಸೀರೆಯ ಸೆರಗಿನ ವಿಷಯ ಗೊತ್ತಿರುವವರಿಗೆ ಗೊತ್ತು: ಮೈಯ ಹಾಸೆಳೆಯೇ ಬೇರೆ, ಸೆರಗಿನ ಹಾಸೆಳೆಯೇ ಬೇರೆ, ಮಗ್ಗದ ಮೇಲೆ ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ. ಕೆಂಪಿನ ಮೇಲೆ ಬಿಳಿಯ ತೋಪು ತೆನಿ. ಅದನ್ನು ಮಡಚಿ ಬೀರುವಿನಲ್ಲಿಟ್ಟೆ.

ಲೋಕಲ್ ರೈಲಿನ ಹೆಂಗಸರ ಡಬ್ಬಿಯನ್ನು ನೋಡದವರಿಗೆ ನನ್ನ ಯೋಜನೆ ಹುಚ್ಚೆನಿಸಬಹುದು. ಆದರೆ ಅಲ್ಲಿ ಬಟಾಣಿ ಸುಲಿಯುತ್ತಾರೆ, ಕೊತ್ತಂಬರಿ ಸೋಸುತ್ತಾರೆ, ಹೂ ಕಟ್ಟುತ್ತಾರೆ, ಪರೀಕ್ಷೆಗೆ ಓದುತ್ತಾರೆ, ಕ್ರೋಶಾ ಹೆಣೆಯುತ್ತಾರೆ. ನನ್ನೆದುರು ಕೂರುವ ಗುಜರಾತಿ ಬೆಹೆನ್ ಒಬ್ಬರು ಕಿಟಕಿಯಾಚೆ ಠಾಣೆಯ ಖಾಡಿ ನೋಡುತ್ತ, ಪಕ್ಕದವಳ ಸೊಸೆಯ ಪುರಾಣ ಕೇಳುತ್ತ, ಕೈ ನೋಡದೆ ಕ್ರೋಶಾ ಹೆಣೆಯುತ್ತಾರೆ. ಮೊದಲ ದಿನ ನಾನು ಎರಡು ಚೌಕಗಳನ್ನು ಜೋಡಿಸಲು ಚೀಲದಿಂದ ತೆಗೆದೆ. ನನಗೆ ಸಿಕ್ಕಿದ್ದು ನಾಲ್ಕನೇ ಸೀಟು. ಮೂರು ಜನರ ಸೀಟಿನ ತುದಿಯಲ್ಲಿ ಅರ್ಧ ತೊಡೆ ಊರಿ ಕೂರುವುದಕ್ಕೆ ಮುಂಬೈಯಲ್ಲಿ ಆ ಹೆಸರು. ಮುಂಬ್ರಾ ದಾಟುವಷ್ಟರಲ್ಲಿ ನಿಂತವಳೊಬ್ಬಳ ತೊಡೆಗೆ ಸೂಜಿ ಚುಚ್ಚಿದೆ. ಘಾಟಕೋಪರ್ ಹೊತ್ತಿಗೆ ನನ್ನದೇ ಓಢಣಿಯನ್ನು ಚೌಕಕ್ಕೆ ಸೇರಿಸಿ ಹೊಲಿದಿದ್ದೆ. ಆ ಬೆಹೆನ್ ಬಿಚ್ಚಿಕೊಟ್ಟರು. ನಗಲಿಲ್ಲ ಪಾಪ. ನಕ್ಕಿದ್ದರೆ ಚೆನ್ನಾಗಿತ್ತು.

ಚೌಕ ಜೋಡಿಸಲು ಕೊನೆಗೆ ಪಕ್ಕದ ಮನೆಯವರ ಹೊಲಿಗೆ ಮಷೀನು ನೆರವಾಯಿತು. ಪದರ ಹಾಕಿ ಕೈಹೊಲಿಗೆ ಶುರುಮಾಡಿದ್ದು ಹಾಲ್‌ನಲ್ಲಿ. ಫ್ರಿಜ್ಜಿನ ತಕರಾರು ತಪ್ಪಿಸಲು ಮಂಚದ ಮೇಲೆ ಹಾಸಿದೆ. ಮೊದಲ ಸುತ್ತು ಮುಗಿಸಿ ಎತ್ತಿದರೆ ಮಂಚದ ಹಾಸಿಗೆಯ ಚಾದರವೂ ಜೊತೆಗೆ ಬಂತು. ಬಿಚ್ಚಿದೆ. ಮತ್ತೆ ಹೊಲಿದೆ.

ಪದರಗಳು ಸರಿಯದಂತೆ ಮೊದಲು ಅಲ್ಲಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಬಂಧಿಸಬೇಕು. ಅದು ನನಗೆ ಗೊತ್ತಿತ್ತು, ಫೋನಿನಲ್ಲಿ ನೋಡಿದ ವಿಡಿಯೊಗಳಲ್ಲೆಲ್ಲ ಹೇಳಿದ್ದರು. ಹೇಗೂ ಬಿಚ್ಚುವ ಹೊಲಿಗೆಗೆ ಎರಡು ಸಂಜೆ ಏಕೆ ಕಳೆಯಬೇಕು ಎಂದು ಬಿಟ್ಟೆ. ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ಒಳಗೆ ಬಂದೆ. ಪ್ರತಿ ಸುತ್ತಿಗೂ ಮೇಲಿನ ಬಟ್ಟೆ ಒಂದೆಳೆ ಮುಂದೆ ಸರಿಯುತ್ತಿತ್ತು. ಸರಿದ ಬಟ್ಟೆ ಎಲ್ಲಿ ಹೋಗಬೇಕು? ನಡುವೆ ಬಂದು ಕೂತಿತು. ಹನ್ನೊಂದನೇ ಸುತ್ತಿನ ಹೊತ್ತಿಗೆ ಕೌದಿಯ ಮಧ್ಯೆ ಸಣ್ಣದೊಂದು ಉಬ್ಬು. ಕೈಯಿಂದ ಒತ್ತಿದರೆ ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತಿತ್ತು.

ಅಷ್ಟರಲ್ಲಿ ಗಂಡನ ಕೈಯಿಂದ ಚಹಾ ಚೆಲ್ಲಿತು. ಒಗೆದೆ. ಮಂಗಲದಾಸ್ ಮಾರ್ಕೆಟ್ಟಿನ ಹೊಸ ಕೆಂಪು ಬಣ್ಣ ಬಿಟ್ಟು, ಅಪ್ಪನ ಧೋತರದ ಬಿಳಿ ಚೌಕಗಳೆಲ್ಲ ಗುಲಾಬಿ. ಹೊಸ ಬಟ್ಟೆ ನೀರಿಗೆ ಬಿದ್ದ ಮೇಲೆ ಸಂಕುಚಿಸುತ್ತದೆ, ಹಳೆಯದು ಸಂಕುಚಿಸುವುದಿಲ್ಲ. ಅಂಚು ಬಿಗಿಯಿತು, ಉಬ್ಬು ಎದ್ದು ಗುಡ್ಡವಾಯಿತು. ಕೌದಿಗೆ ಹಳೆಯ ಬಟ್ಟೆಯನ್ನೇ ಏಕೆ ಹಾಕುತ್ತಾರೆ ಎಂಬುದು ನನಗೆ ಅವತ್ತು ಬಾಲ್ಕನಿಯಲ್ಲಿ, ನೀರು ಸೋರುವ ಆ ಮುದ್ದೆಯನ್ನು ಹಿಡಿದುಕೊಂಡು ನಿಂತಾಗ ತಿಳಿಯಿತು. ಬಡತನವೊಂದೇ ಕಾರಣವೆಂದು ಅಲ್ಲಿಯವರೆಗೆ ತಿಳಿದಿದ್ದೆ.

ದೀಪಾವಳಿ ಪಾಡ್ಯದ ದಿನ ಅವ್ವನ ಫೋನ್. ಹಬ್ಬದ ಮಾತೆಲ್ಲ ಆದ ಮೇಲೆ ಕೇಳಿದಳು.

"ಇಳಕಲ್ಲ ಸೀರಿ ಉಟ್ಟಿದ್ದೇನ?"

"ಯಾವ್ದು?"

"ಗಂಟ ಕಟ್ಟಿ ಕಳಿಸಿದ್ನೆಲ್ಲ, ಅದ. ನೀ ಹುಟ್ಟಿದಾಗ ನಮ್ಮವ್ವ ಉಡಿಸಿದ್ದು. ಹಬ್ಬಕ್ಕ ಉಡ್ತೀ ಅಂತ ಕಳಿಸಿದ್ದೆ."

ಗಂಟಿನೊಳಗಿದ್ದದ್ದು ಕೌದಿಗೆ, ಗಂಟು ಕಟ್ಟಿದ್ದು ನನಗೆ. ಬೇರೆ ಚೀಲದಲ್ಲಿ ಹಾಕಿ ಚೀಟಿ ಬರೆದು ಕಳಿಸುವ ರೂಢಿ ನಮ್ಮ ಮನೆಯಲ್ಲಿಲ್ಲ. ಹೊರಗಿನ ಸೀರೆ ಮಗಳಿಗೆ ಎಂದು ಹೇಳಬೇಕೇ ಎಂದುಕೊಂಡಿರಬೇಕು ಅವ್ವ. ನಾನು ಹುಟ್ಟಿದ ವರ್ಷದ ಸೀರೆ. ಅಷ್ಟು ವರ್ಷ ಅವ್ವ ಅದನ್ನು ಉಟ್ಟೂ ಉಳಿಸಿದ್ದಳು. ನಾನು ಒಂದು ಮಧ್ಯಾಹ್ನದಲ್ಲಿ 9 ಇಂಚಿನ ಚೌಕ ಮಾಡಿದ್ದೆ.

ಲೆಕ್ಕಪರಿಶೋಧಕಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದಲ್ಲ. ಅವ್ವನಿಗೆ ಹೇಳಲು ಬರಲಿಲ್ಲ.

"ಕತ್ತರಿಸಿಬಿಟ್ಟೆ ಅವ್ವಾ."

ಆ ಕಡೆ ಕುಕ್ಕರಿನ ಸೀಟಿ ಎರಡು ಸಲ ಕೇಳಿತು.

"ಸೆರಗ?"

"ಸೆರಗು ಹಂಗ ಐತಿ."

"ಹೂಂ" ಅಂದಳು. ಆಮೇಲೆ ತಮ್ಮನಿಗೆ ಫೋನ್ ಕೊಟ್ಟಳು.

ಆ ಮುದ್ದೆಯನ್ನು ಮಂಚದ ಕೆಳಗೆ ತಳ್ಳಿದೆ. ಸುಮಾರು ಒಂದು ತಿಂಗಳು ಅದು ಅಲ್ಲೇ ಇತ್ತು. ಆ ದಿನಗಳಲ್ಲಿ ನಮ್ಮ ಆಫೀಸಿನ ಹುಡುಗನೊಬ್ಬ ತುರ್ಭೆಯ ಐಕಿಯಾದಿಂದ ತಂದ ಪುಸ್ತಕದ ಕಪಾಟನ್ನು ತಾನೇ ಜೋಡಿಸಿ, ಅದರ ಫೋಟೊ ಎಲ್ಲರಿಗೂ ತೋರಿಸುತ್ತಿದ್ದ. ಅವನ ಮಗು ಹುಟ್ಟಿದಾಗಲೂ ಅಷ್ಟು ಫೋಟೊ ತೋರಿಸಿರಲಿಲ್ಲ. ‘ಐಕಿಯಾ ಎಫೆಕ್ಟ್’ ಎಂದೇ ಇದಕ್ಕೊಂದು ಹೆಸರಿದೆ. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ ಎಂಬ ಮೂವರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಜನ ತಾವೇ ಜೋಡಿಸಿದ ಪೆಟ್ಟಿಗೆಗೆ, ತಾವೇ ಮಡಚಿದ ಕಾಗದದ ಹಕ್ಕಿಗೆ ಹೆಚ್ಚು ಬೆಲೆ ಕಟ್ಟುತ್ತಾರೆ ಎಂದು ಅವರು ಕಂಡುಕೊಂಡರು. ಎಲ್ಲರೂ ಹೇಳುವುದು ಇಷ್ಟನ್ನೇ. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಹತ್ತಿರದ್ದು: ಕೆಲಸ ಪೂರ್ತಿಯಾದರೆ ಮಾತ್ರ ಆ ಪ್ರೀತಿ. ಅರ್ಧಕ್ಕೆ ನಿಂತರೆ, ಕಟ್ಟಿದ್ದನ್ನು ಬಿಚ್ಚಿಹಾಕಿದರೆ, ಅದು ಹುಟ್ಟುವುದಿಲ್ಲ. ಮಂಚದ ಕೆಳಗಿನ ಗಂಟಿನ ಮೇಲೆ ನನಗೆ ಯಾವ ಪ್ರೀತಿಯೂ ಹುಟ್ಟಿರಲಿಲ್ಲ. ಕಸ ಗುಡಿಸುವಾಗ ಕಾಲಿಗೆ ತಾಗಿದರೆ ಕೋಪ ಬರುತ್ತಿತ್ತು.

ಡಿಸೆಂಬರ್‌ನಲ್ಲಿ ಒಂದು ದಿನ ನೆಲ ಒರೆಸಲು ಬಗ್ಗಿದ ಮಾವಶಿ ಅದನ್ನು ಹೊರಗೆಳೆದರು. ಹರಡಿದರು. ಗುಡ್ಡದ ಮೇಲೆ ಕೈಯಿಟ್ಟು, "ಹೀ ಗೋಧಡಿ ಆಹೇ ಕೀ ಡೋಂಗರ್?" ಎಂದರು. ಗೋಧಡಿಯೋ ಬೆಟ್ಟವೋ ಎಂದು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಕನ್ನಡದಲ್ಲೇ ಗೊಣಗಿದೆ: "ಕೌದಿ ಹೊಲಿಯಾಕ ಹೋಗಿ ಹಿಂಗಾತು."

"ಕೌದಿ ಏನ್ರೀ ಇದು!"

ನಾನು ತಲೆಯೆತ್ತಿದೆ. ಮಾವಶಿ ಕನ್ನಡ ಮಾತಾಡಿದ್ದರು.

"ನಿಮಗ ಕನ್ನಡ ಬರತದ?"

"ಅಕ್ಕಲಕೋಟ ಕಡಿಯವರ್ರಿ ನಾವು. ಮನ್ಯಾಗ ಕನ್ನಡಾನ ಮಾತಾಡ್ತೀವಿ."

"ಮೂರು ವರ್ಷ ಆತು, ಒಮ್ಮೆನೂ ಹೇಳಿಲ್ಲಲ್ಲ."

"ನೀವು ಕೇಳಿಲ್ಲಲ್ರಿ."

ಸೋಲಾಪುರ ಜಿಲ್ಲೆಯ ಅಕ್ಕಲಕೋಟೆಯಲ್ಲಿ ಕನ್ನಡ ಮನೆಮಾತಿನವರು ಎಷ್ಟೊಂದು ಜನ ಇದ್ದಾರೆಂಬುದು ನನಗೇನು ಗೊತ್ತಿಲ್ಲದ ಸಂಗತಿಯಲ್ಲ. ಗದಗಿಗೆ ಹೋಗುವ ರೈಲು ಸೋಲಾಪುರದ ಮೇಲೇ ಹೋಗುತ್ತದೆ. ಆದರೂ ಮೂರು ವರ್ಷ ನಾವಿಬ್ಬರೂ, ನಾನು ಮುರುಕು ಮರಾಠಿಯಲ್ಲಿ, ಅವರು ನನಗೆ ತಿಳಿಯಲೆಂದು ನಿಧಾನದ ಮರಾಠಿಯಲ್ಲಿ, ಉಪ್ಪು ಕಡಿಮೆ ಹಾಕಿ, ನಾಳೆ ಬೇಗ ಬನ್ನಿ ಎಂದು ಮಾತಾಡಿಕೊಂಡಿದ್ದೆವು.

ಅವರ ಅಕ್ಕ ಅಂಬರನಾಥದಲ್ಲಿದ್ದಾರೆ, ಕೌದಿ ಹೊಲಿದು ಕೊಡುತ್ತಾರೆ. ಮುಂದಿನ ರವಿವಾರ ಗಂಟು ಹೊತ್ತು ಇಬ್ಬರೂ ಹೋದೆವು. ಡೊಂಬಿವಲಿಯಿಂದ ದೂರವೇನಲ್ಲ, ಕಲ್ಯಾಣದ ಆಚೆ. ಸಣ್ಣ ಮನೆ, ನೆಲದ ತುಂಬ ಯಾರದೋ ಗೋಧಡಿ ಹಾಸಿತ್ತು. ನಮಗೆ ಕೂರಲು ಅದರ ಮೇಲೇ ಜಾಗ.

ಅಕ್ಕ ನನ್ನ ಕೆಲಸವನ್ನು ಒಂದು ಕಡೆಯಿಂದ ಕೈಯಾಡಿಸಿ ನೋಡಿದರು. ಮುಖದಲ್ಲಿ ಏನೂ ತೋರಗೊಡಲಿಲ್ಲ, ವೈದ್ಯರು ಎಕ್ಸ್‌ರೇ ನೋಡಿದಂತೆ. ಆಮೇಲೆ ಸಣ್ಣ ಕತ್ತರಿಯೊಂದನ್ನು ನನ್ನ ಕೈಗೆ ಕೊಟ್ಟು, "ಮೊದ್ಲ ಎಲ್ಲಾ ಬಿಚ್ರಿ" ಎಂದರು. ಬಿಚ್ಚಲು ಕುಳಿತೆ. ಎಳೆ ಹರಿಯದಂತೆ, ಬಟ್ಟೆ ಸೀಳದಂತೆ, ಒಂದೊಂದೇ ಹೊಲಿಗೆಯ ಕೆಳಗೆ ಕತ್ತರಿಯ ತುದಿ ತೂರಿಸಿ, ಎರಡೂವರೆ ತಾಸು. ಮುಗಿಸಿದಾಗ ಅಕ್ಕ ನೋಡಿ, "ಬಿಚ್ಚೋದು ಛಲೋ ಬರತೈತ್ರಿ ನಿಮಗ" ಎಂದರು. 16 ವರ್ಷ ಆಡಿಟ್ ಮಾಡಿದವಳಿಗೆ ಬಾರದೇ ಇರುತ್ತದೆಯೇ? ಬೇರೆಯವರು ಹೊಲಿದದ್ದನ್ನು ಬಿಚ್ಚುವುದೇ ನನ್ನ ಉದ್ಯೋಗ.

ಹೊಸ ಕೆಂಪು ಬಟ್ಟೆಯನ್ನು ಅವರು ಪಕ್ಕಕ್ಕೆಸೆದರು. ಗುಲಾಬಿಯಾದ ಧೋತರದ ತುಂಡುಗಳು ಒಳಗಿನ ಪದರಕ್ಕೆ. ಇಳಕಲ್‌ನ ಹಸಿರು ಚೌಕಗಳನ್ನು ಎತ್ತಿ ಬೆಳಕಿಗೆ ಹಿಡಿದರು. ಮಹಾರಾಷ್ಟ್ರದ ಹಳ್ಳಿಗಳಲ್ಲೂ ಈ ಸೀರೆಗೆ ಭಾರಿ ಮಾನ, ಇರಕಲ್ ಎನ್ನುತ್ತಾರೆ.

"ಇದನ್ಯಾಕ ಕತ್ತರಿಸಿದ್ರಿ?"

ಹೇಳಿದೆ. ಅವರು "ಅಯ್ಯ" ಎಂದರು ಅಷ್ಟೇ. "ಸೆರಗು ತರ್ರಿ. ನಡುವ ಇಡೀ ಹಾಕೂಣು. ಕೂಸು ಅದರ ಮ್ಯಾಲ ಮಲಗಲಿ."

ಎಷ್ಟಾಗುತ್ತದೆ ಎಂದು ಕೇಳಿದೆ. ಎರಡು ಸಾವಿರ ಎಂದರು. ಮುಂಬೈಯಲ್ಲಿ ಇಷ್ಟು ವರ್ಷ ಬದುಕಿದವರ ಬಾಯಿ ತಾನಾಗಿ ತೆರೆಯುತ್ತದೆ. "ಹದಿನೈದುನೂರು ಮಾಡ್ಕೊಳ್ರಿ" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನನ್ನದೇ ಎಕ್ಸೆಲ್ ಹಾಳೆ ನೆನಪಾಯಿತು: 17,280 ಹೊಲಿಗೆ, 48 ಗಂಟೆ. ಎರಡು ಸಾವಿರವನ್ನು 48ರಿಂದ ಭಾಗಿಸಿದರೆ ಗಂಟೆಗೆ 42 ರೂಪಾಯಿಯೂ ಇಲ್ಲ. ಅವರು ನನಗಿಂತ ಬೇಗ ಹೊಲಿಯುತ್ತಾರೆ, ನಿಜ. ಆ ಬೇಗಕ್ಕೆ ಎಷ್ಟು ವರ್ಷ ಹಿಡಿದಿದೆಯೋ ಅದು ಯಾವ ಕಾಲಮ್ಮಿನಲ್ಲಿ ಬರುತ್ತದೆ? ಬಾಯಿ ಮುಚ್ಚಿದೆ. ಕೊನೆಗೆ ಎರಡೂವರೆ ಸಾವಿರ ಕೊಟ್ಟೆ, ಕೊಟ್ಟು ಮನಸ್ಸಿನಲ್ಲೇ ದೊಡ್ಡವಳಾದೆ.

ಮೂರು ವಾರದ ಮೇಲೆ ಕೌದಿ ಬಂತು. ಹಾಸಿದರೆ ನೆಲಕ್ಕೆ ಅಂಟಿಕೊಳ್ಳುವಷ್ಟು ಸಪಾಟು. ಸಾಲುಗಳು ಅಂಚಿನಿಂದ ಹೊರಟು ಚೌಕ ಚೌಕವಾಗಿ ಒಳಗೆ ಸುತ್ತಿ, ಸೆರಗಿನ ಸುತ್ತ ಬಂದು ನಿಂತಿದ್ದವು. ಅಳತೆಪಟ್ಟಿ ಹಿಡಿದು ನೋಡಿದೆ, ಚಟ ಹೋಗುವುದಿಲ್ಲ. ಎಲ್ಲಿ ಹಿಡಿದರೂ ಅರ್ಧ ಇಂಚು.

ತೊಟ್ಟಿಲ ಕಾರ್ಯಕ್ಕೆ ಮುಂಬೈ–ಗದಗ ಎಕ್ಸ್‌ಪ್ರೆಸ್‌ನಲ್ಲಿ ಹೊರಟೆವು. ಈಗದು ಹೊಸಪೇಟೆಯವರೆಗೆ ಹೋಗುತ್ತದೆ, ಆದರೆ ನಮ್ಮ ಬಾಯಲ್ಲಿ ಇನ್ನೂ ಗದಗ ಗಾಡಿಯೇ. ರಾತ್ರಿಯ ಚಳಿಗೆ ಮಗಳು ಕೌದಿ ಹೊದೆಯುತ್ತೇನೆಂದಳು, ಕೊಡಲಿಲ್ಲ. ವಿಜಯಪುರ, ಬಾಗಲಕೋಟೆ ದಾಟಿತು. ಗುಳೇದಗುಡ್ಡ ರೋಡ್ ಬಂದಾಗ ಎದೆ ಡವಗುಟ್ಟಲು ಶುರುವಾಯಿತು. ಕೌದಿ ನಾನು ಹೊಲಿಯಲಿಲ್ಲ ಎಂದು ಅವ್ವನಿಗೆ ಹೇಳಿರಲಿಲ್ಲ.

ಅವ್ವ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು, ಕಣ್ಣಿನ ಬದಲು ಬೆರಳಿನಿಂದ ನೋಡಿದಳು. ಸಾಲು ಹಿಡಿದು ಒಂದು ಸುತ್ತು ಪೂರ್ತಿ ಬಂದಳು. ಸೆರಗಿನ ತೋಪು ತೆನಿಯ ಮೇಲೆ ಬೆರಳು ನಿಂತಿತು.

"ಇದನ್ನ ನೀ ಹೊಲದಿಲ್ಲ" ಅಂದಳು.

"ಇಲ್ಲವ್ವಾ. ನನಗ ಬರಲಿಲ್ಲ. ನಿನ್ನಂಗ ನನಗ ಬರೂದಿಲ್ಲ."

"ನನ್ನಂಗ?" ಅವ್ವ ನಗಲು ಶುರುಮಾಡಿದಳು. "ನಾ ಯಾವಾಗ ಕೌದಿ ಹೊಲದೀನಿ? ಹೊಲಿಯಾಕಿ ಬರ್ತಿದ್ಲು ಪ್ರತಿ ವರ್ಷ, ಸುಗ್ಗಿ ಮುಗದ ಮ್ಯಾಲ. ಪಡಸಾಲ್ಯಾಗ ಕುಂತು ಎಂಟೊಂಬತ್ತ ದಿನ ಹೊಲಿತಿದ್ಲು. ನೀ ಸಾಲಿಗೆ ಹೋಗಿರ್ತಿದ್ದಿ. ಆಕಿ ಕಣ್ಣೂ ಮಂಜಾಗಿದ್ವು, ನಾ ಸೂಜಿಗೆ ದಾರ ಪೋಣಿಸಿ ಪೋಣಿಸಿ ಇಡ್ತಿದ್ದೆ. ಕಸೂತಿ ಮಾಡಾಕಿ ಕೌದಿ ಹೊಲಿಯಾಕ ಆಗತೈತೇನ? ಆ ಕೈನ ಬ್ಯಾರೆ."

ಕಿಟಕಿಯ ಬೆಳಕು, ಹರಡಿದ ಕೌದಿ, ಅವ್ವನ ಕೈಲಿ ಸೂಜಿ. ನಾನು ಕಂಡದ್ದು ಸುಳ್ಳಲ್ಲ. ಆ ಚಿತ್ರದ ಅಂಚಿನಲ್ಲಿ ಇನ್ನೊಬ್ಬಳು ಕುಳಿತಿದ್ದಳು. ಅವಳನ್ನು ನಾನು ನೆನಪಿಟ್ಟುಕೊಂಡಿರಲಿಲ್ಲ. ಅವಳ ಹೆಸರೇನು ಎಂದು ಕೇಳಿದೆ. ಅವ್ವ ಬಹಳ ಹೊತ್ತು ಯೋಚಿಸಿದಳು. "ಕೌದಿಯಾಕಿ ಅಂತಿದ್ವಿ" ಅಂದಳು.

ಮರುದಿನ ಕೂಸಿಗೆ ಹೆಸರಿಟ್ಟೆವು. ತೊಟ್ಟಿಲಿನಿಂದ ತೆಗೆದು ಕೌದಿಯ ಮೇಲೆ, ಸರಿಯಾಗಿ ಸೆರಗಿನ ನಡುವೆ ಮಲಗಿಸಿದ ಎರಡು ನಿಮಿಷಕ್ಕೆ ಅವನು ಉಚ್ಚೆ ಹೊಯ್ದ. ಸುತ್ತ ಕುಳಿತವರೆಲ್ಲ ನಕ್ಕರು. ನಾನು ಮಾತ್ರ ಬಗ್ಗಿ ಒದ್ದೆಯಾದ ಜಾಗದ ಅಂಚನ್ನೇ ನೋಡುತ್ತಿದ್ದೆ. ಕೆಂಪು ಬಿಡಲಿಲ್ಲ.

ಹೊರಡುವ ದಿನ ಅವ್ವ ಕೇಳಿದಳು, ಹೊಲಿದಾಕೆಗೆ ಎಷ್ಟು ಕೊಟ್ಟೆ ಎಂದು. ಎರಡೂವರೆ ಸಾವಿರ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಬರೇ ರೊಕ್ಕ? ಜ್ವಾಳ ಕೊಟ್ಟಿಲ್ಲ? ಸೀರಿ?"

"ಡೊಂಬಿವಲ್ಯಾಗ ಜ್ವಾಳ ಎಲ್ಲಿಂದ ತರಲವ್ವಾ?"

ಅವ್ವ ಎದ್ದು ಒಳಗೆ ಹೋದಳು. ಗೋಡೆ ಹಿಡಿದು ನಿಧಾನವಾಗಿ ಬಂದು, ಎರಡು ಸೇರು ಬಿಳಿಜೋಳ, ಒಂದು ಗುಳೇದಗುಡ್ಡದ ಖಣ, ಒಂದಿಷ್ಟು ಕರದಂಟು ಇಟ್ಟು, ಹೊಸ ನೂಲಿನ ಸೀರೆಯೊಂದರಲ್ಲಿ ಗಂಟು ಕಟ್ಟಿದಳು. ನನ್ನ ಕೈಗೆ ಕೊಡುವ ಮುಂಚೆ ಗಂಟಿನ ಮೇಲೆ ಕೈಯಿಟ್ಟು ಹೇಳಿದಳು:

"ಕಟ್ಟಿದ ಸೀರೀನೂ ಆಕಿಗೇ. ಕತ್ತರಿ ತಗೊಂಡಿ ಮತ್ತ."